ಊರಿಗೆ ಹೋಗುವಾಗ ಅಕ್ವೇರಿಯಂ ಮೀನಿನ ಊಟ: ಎಷ್ಟು ದಿನಕ್ಕೆ ಯಾವ ಏರ್ಪಾಡು

ಮನೆಗೆ ಬೀಗ ಹಾಕಿ ನಾಲ್ಕು ದಿನ ಹೊರಗೆ ಹೋದರೆ ಅಕ್ವೇರಿಯಂ ಮೀನು ಹಸಿವಿನಿಂದ ಸಾಯುವುದಿಲ್ಲ. ಮರಳಿ ಬಂದಾಗ ಮೀನು ಸತ್ತು ತೇಲುತ್ತಿದ್ದರೆ ಕಾರಣ ಬಹುತೇಕ ಎರಡರಲ್ಲಿ ಒಂದು. ಯಾರೋ ಪ್ರೀತಿಯಿಂದ ಹೆಚ್ಚು ಆಹಾರ ಸುರಿದು, ಅದು ಕೊಳೆತು ನೀರು ಕೆಟ್ಟಿರುತ್ತದೆ. ಇಲ್ಲವೇ ಕರೆಂಟ್ ಹೋಗಿಯೋ, ನಾವೇ ಮೇನ್ ಸ್ವಿಚ್ ಆರಿಸಿಯೋ ಏರ್ ಪಂಪ್ ನಿಂತಿರುತ್ತದೆ. ಹಾಗಾಗಿ ಊಟದ ವ್ಯವಸ್ಥೆಗಿಂತ ಮೊದಲು ನೀರು ಮತ್ತು ಗಾಳಿಯ ವ್ಯವಸ್ಥೆ ಆಗಬೇಕು. ಅವೆರಡೂ ಸರಿಯಿದ್ದರೆ ಊಟದ ಪ್ರಶ್ನೆ ತುಂಬ ಸಣ್ಣದು.

ಎಷ್ಟು ದಿನ ಉಪವಾಸ ಇರಬಲ್ಲವು?

ಮೀನಿನದು ತಣ್ಣನೆಯ ರಕ್ತ. ನಮ್ಮ ಹಾಗೆ ಮೈ ಬೆಚ್ಚಗಿಟ್ಟುಕೊಳ್ಳಲು ಅದಕ್ಕೆ ಆಹಾರ ಬೇಕಿಲ್ಲ. ದಿನವೂ ತಿಂದು ಬೆಳೆದ ಗಟ್ಟಿಮುಟ್ಟಾದ ಮೀನಿನ ಮೈಯಲ್ಲಿ ಒಂದು ವಾರಕ್ಕೆ ಸಾಲುವಷ್ಟು ಕೊಬ್ಬು ಇರುತ್ತದೆ. ಬೆಳೆದ ಗಪ್ಪಿ, ಮೊಲ್ಲಿ, ಪ್ಲಾಟಿ, ಟೆಟ್ರಾ, ಗೌರಾಮಿ, ಏಂಜಲ್, ಫೈಟರ್ ಇವು ಐದಾರು ದಿನ ಏನೂ ಹಾಕದಿದ್ದರೂ ತಡೆಯುತ್ತವೆ. ಗಪ್ಪಿ, ಮೊಲ್ಲಿಗಳು ಗಾಜಿನ ಮೇಲಿನ ಹಸಿರು ಪಾಚಿಯನ್ನು ಕೆರೆದು ತಿನ್ನುವುದರಿಂದ ಇನ್ನೂ ಒಂದೆರಡು ದಿನ ಹೆಚ್ಚು. ಗೇಣುದ್ದದ ಗೋಲ್ಡ್‌ಫಿಶ್, ಆಸ್ಕರ್, ಫ್ಲವರ್‌ಹಾರ್ನ್, ಅರೋವಾನಾ ಹತ್ತು ದಿನಕ್ಕೂ ಹೆದರುವುದಿಲ್ಲ.

ಉಪವಾಸ ಹಾಕಬಾರದ ಮೀನುಗಳೂ ಇವೆ. ಒಂದು ತಿಂಗಳೊಳಗಿನ ಮರಿಗಳು ಎರಡು ದಿನದಲ್ಲೇ ಸೊರಗುತ್ತವೆ. ರೋಗ ಬಂದು ಈಗಷ್ಟೇ ಚೇತರಿಸಿಕೊಂಡವು, ಅಂಗಡಿಯಿಂದ ಹೊಸದಾಗಿ ತಂದವು, ಮೇಲಿನಿಂದ ನೋಡಿದರೆ ತಲೆ ದಪ್ಪ, ಬೆನ್ನು ಕತ್ತಿಯಂತೆ ತೆಳ್ಳಗಾಗಿ ಹೊಟ್ಟೆ ಒಳಸೇರಿದವು, ಇವಕ್ಕೆ ಉಪವಾಸ ಬೇಡ. ಅಂಥ ಮೀನು ಇದ್ದಾಗ ಪ್ರವಾಸ ಎಷ್ಟೇ ಚಿಕ್ಕದಿರಲಿ, ನೋಡಿಕೊಳ್ಳುವವರು ಒಬ್ಬರು ಬೇಕು.

ಲೆಕ್ಕ ಹೀಗೆ ಇಟ್ಟುಕೊಳ್ಳಿ. ಗೋವಾಕ್ಕೆ ಹೋಗಿ ಬರುವ ಶನಿವಾರ-ಭಾನುವಾರ, ಬನಶಂಕರಿ ಜಾತ್ರೆಗೆ ಮೂರು ದಿನ, ಬೀಗರ ಮನೆಯ ಮದುವೆಗೆ ಐದು ದಿನ ಎಂದರೆ ಏನೂ ಮಾಡಬೇಡಿ, ಆಹಾರ ಹಾಕದೆ ಹೋಗಿ. ಆರರಿಂದ ಹದಿನಾಲ್ಕು ದಿನವಾದರೆ ಒಬ್ಬ ಮನುಷ್ಯರನ್ನೋ ಸ್ವಯಂಚಾಲಿತ ಫೀಡರನ್ನೋ ಗೊತ್ತು ಮಾಡಬೇಕು. ಯುಗಾದಿಗೆ ಶ್ರೀಶೈಲ ಪಾದಯಾತ್ರೆ ಹೊರಟವರು, ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ತವರಿಗೆ ಹೋಗುವವರು ಯಂತ್ರವೊಂದನ್ನೇ ನಂಬಬಾರದು. ಎರಡು ವಾರ ದಾಟಿದ ಮೇಲೆ ನೀರು ಬದಲಿಸುವುದು, ಸ್ಪಂಜ್ ತೊಳೆಯುವುದು ಎಲ್ಲಕ್ಕೂ ಕೈ ಬೇಕಾಗುತ್ತದೆ.

ನಮ್ಮ ಬೇಸಿಗೆ ಈ ಲೆಕ್ಕವನ್ನು ಬದಲಿಸುತ್ತದೆ

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮಾಳಿಗೆಯ ಮನೆಯ ಕಿಟಕಿ ಬಾಗಿಲು ಎಲ್ಲ ಮುಚ್ಚಿ ಹೋದರೆ ಒಳಗಿನ ತೊಟ್ಟಿಯ ನೀರು 32, 33 ಡಿಗ್ರಿಗೆ ಏರುವುದು ಸಾಮಾನ್ಯ. ಬಿಸಿ ನೀರಿನಲ್ಲಿ ಮೀನಿನ ದೇಹ ಚುರುಕಾಗಿ ಕೆಲಸ ಮಾಡುತ್ತದೆ, ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 25 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ 8.2 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 32 ಡಿಗ್ರಿಗೆ ಅದು 7.3ಕ್ಕೆ ಇಳಿಯುತ್ತದೆ. ಉಳಿದ ಆಹಾರ ಕೊಳೆಯುವುದೂ ಆಮ್ಲಜನಕ ತಿಂದೇ. ಅಂದರೆ ಬೇಸಿಗೆಯಲ್ಲಿ ಒಂದು ಚಮಚ ಹೆಚ್ಚು ಹಾಕಿದ ಆಹಾರ ಚಳಿಗಾಲಕ್ಕಿಂತ ಬೇಗ ಮೀನನ್ನು ಕೊಲ್ಲುತ್ತದೆ.

ಇನ್ನೊಂದು ತೊಂದರೆ ಬೋರ್ ನೀರಿನದು. ಮೀನಿನ ಮಲಮೂತ್ರ ಮತ್ತು ಕೊಳೆತ ಕಾಳಿನಿಂದ (ಗುಳಿಗೆಯಂಥ ಮೀನಿನ ಆಹಾರ) ಅಮೋನಿಯಾ ಹುಟ್ಟುತ್ತದೆ. ಅದರಲ್ಲಿ ವಿಷಕಾರಿ ಭಾಗ ಎಷ್ಟು ಎಂಬುದು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಮತ್ತು ಬಿಸಿಯ ಮೇಲೆ ನಿಂತಿದೆ. ಪಿಎಚ್ 7, ಉಷ್ಣತೆ 25 ಡಿಗ್ರಿ ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇ. 0.6ರಷ್ಟು. ಪಿಎಚ್ 8, ಉಷ್ಣತೆ 30 ಡಿಗ್ರಿ ಆದರೆ ಅದೇ ಪಾಲು ಶೇ. 7 ದಾಟುತ್ತದೆ, ಅಂದರೆ ಹನ್ನೆರಡು ಪಟ್ಟು. ಬಯಲುಸೀಮೆಯ ಗಡಸು ಬೋರ್ ನೀರಿನ ಪಿಎಚ್ ಹೆಚ್ಚಾಗಿ 8ರ ಆಸುಪಾಸಿನಲ್ಲೇ ಇರುತ್ತದೆ. ಬೇರೆ ಊರಿನವರಿಗೆ ನಡೆದುಹೋಗುವ ತಪ್ಪು ನಮ್ಮ ಕಡೆ ನಡೆಯುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ.

ಬೆಳಗಾವಿಯವರ ಚಿಂತೆ ಬೇರೆ. ಅಲ್ಲಿ ಬೇಸಿಗೆ ಸೌಮ್ಯ. ಡಿಸೆಂಬರ್, ಜನವರಿಯ ರಾತ್ರಿಗಳು ತಣ್ಣಗಿರುತ್ತವೆ. ಮುಚ್ಚಿದ ಮನೆಯಲ್ಲಿ ತೊಟ್ಟಿಯ ನೀರು 20 ಡಿಗ್ರಿಯ ಹತ್ತಿರ ಇಳಿದರೆ ಗೋಲ್ಡ್‌ಫಿಶ್‌ಗೆ ಏನೂ ಆಗದು, ಫೈಟರ್, ಏಂಜಲ್, ಟೆಟ್ರಾಗಳು ಮಂಕಾಗುತ್ತವೆ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಹೀಟರ್ ಇರಲಿ. ಅದನ್ನು ತಳದ ಹತ್ತಿರ ಅಡ್ಡಲಾಗಿ ಕೂರಿಸಿ, ನೀರು ಇಳಿದು ಹೀಟರಿನ ಗಾಜು ಹೊರಬಿದ್ದರೆ ಒಡೆಯುತ್ತದೆ. ಬೇಸಿಗೆಯಲ್ಲಿ ಎಲ್ಲ ಊರಿನವರೂ ಹೀಟರಿನ ಪ್ಲಗ್ ಕಿತ್ತಿಟ್ಟೇ ಹೋಗಬೇಕು.

ಹೊರಡುವ ಮುಂಚಿನ ದಿನಗಳ ಕೆಲಸ

ಹೊರಡುವ ಮೂರು ವಾರದೊಳಗೆ ಹೊಸ ಮೀನು ತರಬೇಡಿ. ಬಿಳಿ ಚುಕ್ಕೆ ರೋಗ ಹೊಸ ಮೀನಿನೊಂದಿಗೆ ಬಂದು ವಾರದ ಮೇಲೆ ಕಾಣಿಸಿಕೊಳ್ಳುತ್ತದೆ, ಆಗ ನೀವು ಮನೆಯಲ್ಲಿರುವುದಿಲ್ಲ.

ನಾಲ್ಕೈದು ದಿನ ಮೊದಲು ಫಿಲ್ಟರಿನ ಸ್ಪಂಜ್ ತೊಳೆಯಿರಿ. ನಳದ ಕೆಳಗೆ ಹಿಡಿಯಬೇಡಿ. ತೊಟ್ಟಿಯಿಂದ ತೆಗೆದ ನೀರನ್ನು ಬಕೆಟ್‌ನಲ್ಲಿಟ್ಟು ಅದರಲ್ಲಿ ಎರಡು ಮೂರು ಸಲ ಹಿಂಡಿದರೆ ಸಾಕು. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲೇ ಮನೆ ಮಾಡಿರುತ್ತವೆ. ನಳದ ನೀರಿನ ಕ್ಲೋರಿನ್ ತಾಗಿದರೆ ಅವು ಸಾಯುತ್ತವೆ, ನೀವು ಹೋದ ಮರುದಿನದಿಂದ ಅಮೋನಿಯಾ ಏರತೊಡಗುತ್ತದೆ. ತೊಳೆಯದೇ ಹೋದರೂ ಕಷ್ಟ: ಕಟ್ಟಿಕೊಂಡ ಸ್ಪಂಜಿನಲ್ಲಿ ನೀರು ಹರಿಯದು.

ಎರಡು ದಿನ ಮೊದಲು ಕಾಲು ಭಾಗ ನೀರು ಬದಲಿಸಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ಸುಮಾರು 45 ಲೀಟರ್ ನೀರು ಇರುತ್ತದೆ. ಅಂದರೆ 11, 12 ಲೀಟರ್ ತೆಗೆದು ಅಷ್ಟೇ ಹಾಕಬೇಕು. ಹೊಸ ನೀರನ್ನು ಒಂದು ದಿನ ಬಾಯಿ ತೆರೆದ ಬಕೆಟ್‌ನಲ್ಲಿ ನಿಲ್ಲಿಸಿ, ಅವಸರವಿದ್ದರೆ ಆಂಟಿ ಕ್ಲೋರಿನ್ ಹನಿ ಹಾಕಿ. ಹೊರಡುವ ದಿನವೇ ನೀರು ಬದಲಿಸಿ ಓಡಬಾರದು. ಏನಾದರೂ ಎಡವಟ್ಟಾದರೆ ಅದು ಕಣ್ಣಿಗೆ ಬೀಳಲು ಒಂದೆರಡು ದಿನ ಬೇಕು.

ನೀರನ್ನು ಮೇಲಿನ ಅಂಚಿನವರೆಗೆ ತುಂಬಿ, ಮುಚ್ಚಳ ಹಾಕಿ. ಒಣಗಾಳಿಯ ಬೇಸಿಗೆಯಲ್ಲಿ ತೆರೆದ ತೊಟ್ಟಿಯ ಮಟ್ಟ ದಿನಕ್ಕೆ ಅರ್ಧ ಸೆಂಟಿಮೀಟರ್ ಇಳಿಯಬಹುದು. ಮೇಲೆ ಹೇಳಿದ ತೊಟ್ಟಿಯಲ್ಲಿ ಅದು ದಿನಕ್ಕೆ ಸುಮಾರು ಒಂದು ಲೀಟರ್, ಹತ್ತು ದಿನಕ್ಕೆ ಎರಡು ಬೆರಳಿಗಿಂತ ಹೆಚ್ಚು. ಪವರ್ ಫಿಲ್ಟರಿನ ಬಾಯಿ ನೀರಿನಿಂದ ಹೊರಬಂದರೆ ಮೋಟಾರು ಒಣಗಿ ಓಡಿ ಸುಡುತ್ತದೆ. ಫಿಲ್ಟರನ್ನು ಎಂದಿಗಿಂತ ನಾಲ್ಕು ಬೆರಳು ಕೆಳಗೆ ಅಂಟಿಸಿ ಹೋಗುವುದು ಸುಲಭದ ಪರಿಹಾರ. ನಿಮ್ಮ ಮನೆಯಲ್ಲಿ ಎಷ್ಟು ಇಳಿಯುತ್ತದೆ ಎಂದು ತಿಳಿಯಲು ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು ನಾಲ್ಕು ದಿನ ನೋಡಿ.

ತೊಟ್ಟಿಯ ದೀಪ ಆರಿಸಿಬಿಡಿ. ಗಿಡ ಇಲ್ಲದ ತೊಟ್ಟಿಗೆ ಕಿಟಕಿಯ ಬೆಳಕೇ ಸಾಕು. ಗಿಡ ಇದ್ದರೆ ಟೈಮರ್ ಹಾಕಿ ಆರು ಗಂಟೆ ಬೆಳಗಿಸಿ. ದಿನವಿಡೀ ಉರಿದರೆ ನೀರು ಹಸಿರಾಗುತ್ತದೆ, ಇನ್ನಷ್ಟು ಬಿಸಿಯೂ ಆಗುತ್ತದೆ.

ಹೊರಡುವ ದಿನ ಎರಡು ಕೆಲಸ ಮಾಡಲೇಬಾರದು. ಮೊದಲನೆಯದು, "ಪಾಪ, ನಾಲ್ಕು ದಿನ ಉಪವಾಸ" ಎಂದು ಹೊಟ್ಟೆ ತುಂಬ ಹಾಕುವುದು. ಒಂದೇ ಹೊತ್ತಿಗೆ ಹೆಚ್ಚು ತಿಂದದ್ದನ್ನು ಮೀನು ನಾಲ್ಕು ದಿನಕ್ಕೆಂದು ಕೂಡಿಟ್ಟುಕೊಳ್ಳುವುದಿಲ್ಲ. ಹೆಚ್ಚಾದದ್ದು ತಳದಲ್ಲಿ ಕೊಳೆಯುತ್ತದೆ, ಅಲ್ಲದಿದ್ದರೆ ಮಲವಾಗಿ ಹೊರಬಂದು ಅದೇ ಅಮೋನಿಯಾ ಆಗುತ್ತದೆ. ಎರಡನೆಯದು, ಜಿರಳೆ ಇರುವೆಗೆಂದು ಮನೆಯೊಳಗೆ ಸ್ಪ್ರೇ ಹೊಡೆದು ಬಾಗಿಲು ಹಾಕುವುದು. ಆ ಸ್ಪ್ರೇಗಳಲ್ಲಿ, ಇರುವೆಗೆ ಎಳೆಯುವ ಸೀಮೆಸುಣ್ಣದಲ್ಲಿ ಇರುವ ಪೈರೆಥ್ರಾಯ್ಡ್ ಮದ್ದು ಮನುಷ್ಯರಿಗೆ ಅಷ್ಟು ತೊಂದರೆ ಮಾಡದಿದ್ದರೂ ಮೀನಿಗೆ ಕಡು ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುವುದರಿಂದ ಅದು ನೇರ ತೊಟ್ಟಿಗೇ ಸೇರುತ್ತದೆ. ಮದ್ದು ಹೊಡೆಯಲೇಬೇಕಿದ್ದರೆ ಒಂದು ವಾರ ಮೊದಲು, ಬೇರೆ ಕೋಣೆಯಲ್ಲಿ ಹೊಡೆಯಿರಿ.

ಕರೆಂಟ್ ಮತ್ತು ಗಾಳಿ

ಊರಿಗೆ ಹೋಗುವಾಗ ಮೇನ್ ಸ್ವಿಚ್ ಆರಿಸುವುದು ನಮ್ಮಲ್ಲಿ ಹಿರಿಯರ ಕಾಲದ ರೂಢಿ. ಅಕ್ವೇರಿಯಂ ಇರುವ ಮನೆಯಲ್ಲಿ ಅದು ಆಗದು. ತೊಟ್ಟಿಯ ಪ್ಲಗ್ ಯಾವ ಎಂಸಿಬಿಗೆ ಸೇರಿದೆ ಎಂದು ಮೊದಲೇ ಒಂದೊಂದಾಗಿ ಆರಿಸಿ ಪತ್ತೆ ಹಚ್ಚಿ, ಅದರ ಮೇಲೆ ಕೆಂಪು ಟೇಪ್ ಅಂಟಿಸಿ. ಉಳಿದವನ್ನು ಆರಿಸಿ, ಇದೊಂದನ್ನು ಬಿಡಿ. ಕೊನೆಗೆ ಮನೆಯಿಂದ ಹೊರಬೀಳುವವರಿಗೆ ಇದನ್ನು ಹೇಳಿರಬೇಕು. ಅವಸರದಲ್ಲಿ ಕೈ ತಾನಾಗಿ ಮೇನ್ ಸ್ವಿಚ್‌ಗೆ ಹೋಗುತ್ತದೆ.

ಇನ್ವರ್ಟರ್ ಇದ್ದರೆ ಅದನ್ನೂ ಚಾಲೂ ಬಿಟ್ಟು ಏರ್ ಪಂಪಿನ ಪ್ಲಗ್ ಅದರ ಲೈನಿಗೆ ಹಾಕಿ. ಮನೆಯ ಏರ್ ಪಂಪ್ ತಿನ್ನುವುದು ಮೂರರಿಂದ ಐದು ವ್ಯಾಟ್. ಫ್ಯಾನು, ಟಿವಿ ಏನೂ ಓಡದ ಮನೆಯಲ್ಲಿ ಮಾಮೂಲಿ ಇನ್ವರ್ಟರ್ ಬ್ಯಾಟರಿ ಒಂದು ದಿನವಾದರೂ ನಡೆಸುತ್ತದೆ. ಇನ್ವರ್ಟರ್ ಇಲ್ಲದವರು ಒಳಗೇ ಬ್ಯಾಟರಿ ಇರುವ, ಕರೆಂಟ್ ಹೋದ ಕೂಡಲೇ ತಾನಾಗಿ ಶುರುವಾಗುವ ಏರ್ ಪಂಪ್ ಕೊಳ್ಳಿ. ಮಳೆಗಾಲದಲ್ಲಿ ಗಾಳಿಮಳೆಗೆ ಕಂಬ ಬಿದ್ದು ತಾಸುಗಟ್ಟಲೆ ಕರೆಂಟ್ ಹೋಗುವ ಬೆಳಗಾವಿ, ಖಾನಾಪುರದ ಕಡೆ ಇದು ಅತ್ಯಗತ್ಯ. ದುಡ್ಡು ಖರ್ಚು ಮಾಡುವುದಿದ್ದರೆ ಫೀಡರ್‌ಗಿಂತ ಮೊದಲು ಇದಕ್ಕೆ ಮಾಡಿ.

ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿಗೆ ನುಗ್ಗುತ್ತದೆ, ನೆಲಕ್ಕೂ ಹರಿಯುತ್ತದೆ. ಪೈಪಿನ ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಿ, ಬೆಲೆ ಹೆಚ್ಚಿಲ್ಲ. ಅಥವಾ ಪಂಪನ್ನೇ ತೊಟ್ಟಿಗಿಂತ ಎತ್ತರದಲ್ಲಿ ತೂಗುಹಾಕಿ. ಎಲ್ಲ ವೈರುಗಳೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಲಿ; ವೈರಿನ ಗುಂಟ ಇಳಿದ ಹನಿ ಅಲ್ಲೇ ನೆಲಕ್ಕೆ ಬೀಳುತ್ತದೆ, ಪ್ಲಗ್ ತಲುಪುವುದಿಲ್ಲ.

ನೆರೆಮನೆಯವರಿಗೆ ಒಪ್ಪಿಸುವ ರೀತಿ

ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು. ಯಂತ್ರ ಕಾಳು ಹಾಕುತ್ತದೆ, ಆದರೆ ಪಂಪ್ ನಿಂತದ್ದನ್ನು, ಸತ್ತ ಮೀನನ್ನು, ಇಳಿದ ನೀರನ್ನು ನೋಡುವುದಿಲ್ಲ. ಆದರೆ ಕಾಳಿನ ಡಬ್ಬಿಯನ್ನು ಮಾತ್ರ ಅವರ ಕೈಗೆ ಕೊಡಬಾರದು. ಮೀನು ಸಾಕದವರಿಗೆ ಅಳತೆ ಗೊತ್ತಿರುವುದಿಲ್ಲ. ಗುಡಿಯ ಹೊಂಡದ ಮೀನಿಗೆ ಚುರುಮುರಿ ಎರಚಿ ರೂಢಿಯಾದ ಮಕ್ಕಳು ತೊಟ್ಟಿಗೂ ಹಾಗೇ ಎರಚುತ್ತಾರೆ. ಹೊಂಡದಲ್ಲಿ ಲಕ್ಷಗಟ್ಟಲೆ ಲೀಟರ್ ನೀರಿದೆ, ನಿಮ್ಮ ತೊಟ್ಟಿಯಲ್ಲಿ ಎರಡು ಕೊಡ.

ಏಳು ಖಾನೆಗಳ ಗುಳಿಗೆ ಡಬ್ಬಿಯೊಂದನ್ನು ಔಷಧಿ ಅಂಗಡಿಯಿಂದ ತನ್ನಿ. ಒಂದೊಂದು ಖಾನೆಗೂ ಒಂದು ಹೊತ್ತಿನ ಕಾಳನ್ನು ನೀವೇ ಎಣಿಸಿ ತುಂಬಿ. ಡಬ್ಬಿ ಸಿಗದಿದ್ದರೆ ಕಾಗದದ ಪೊಟ್ಟಣ ಕಟ್ಟಿ ವಾರದ ಹೆಸರು ಬರೆಯಿರಿ. ಮೂಲ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ.

ಅಳತೆ ದಿನನಿತ್ಯದ ಅರ್ಧ ಸಾಕು, ಅದೂ ದಿನ ಬಿಟ್ಟು ದಿನ. ಒಂದು ಮಿಲಿಮೀಟರ್ ಕಾಳಾದರೆ ಬೆಳೆದ ಗಪ್ಪಿಗೆ ತಲಾ ಒಂದೆರಡು, ಫೈಟರಿಗೆ ಮೂರು. ಮೂರು ಇಂಚಿನ ಗೋಲ್ಡ್‌ಫಿಶ್‌ಗೆ ಮೂರು ಮಿಲಿಮೀಟರಿನ ಕಾಳು ಮೂರೋ ನಾಲ್ಕೋ. ಖಾನೆಯ ತಳದಲ್ಲಿ ಕಾಣುವ ಇಷ್ಟೇ ಇಷ್ಟನ್ನು ನೋಡಿ ನಿಮಗೇ ಅಯ್ಯೋ ಎನ್ನಿಸುತ್ತದೆ. ಆದರೂ ಹೆಚ್ಚಿಸಬೇಡಿ.

ಹೋಗುವ ಮೊದಲು ಅವರನ್ನು ಕರೆದು ಒಮ್ಮೆ ಅವರ ಕೈಯಿಂದಲೇ ಹಾಕಿಸಿ. ತೊಟ್ಟಿಯ ಪಕ್ಕ ಒಂದು ಚೀಟಿ ಅಂಟಿಸಿ, ಅವರು ಮಾತಾಡುವ ಮಾತಿನಲ್ಲೇ ಬರೆಯಿರಿ:

"ಕಾಕೂ, ದಿನಾ ಬಿಟ್ಟು ದಿನಾ ಮುಂಜಾನೆ ಒಂದ ಖಾನೆ ಅಷ್ಟ ಹಾಕ್ರಿ. ಒಂದ ದಿನ ಮರತ್ರ ಮರುದಿನ ಎರಡ ಹಾಕಬ್ಯಾಡ್ರಿ. ರೊಟ್ಟಿ, ಅನ್ನ, ಚುರುಮುರಿ ಏನೂ ಬ್ಯಾಡ. ಮೀನ ಎಲ್ಲಾ ಮ್ಯಾಲ ಬಂದು ಬಾಯಿ ಬಡೀತಾವಂದ್ರ ಹಸಿವಿ ಅಲ್ರಿ, ಗಾಳಿ ಕಡಿಮಿ ಆಗೇತಿ. ಆಗ ಏನೂ ಹಾಕಬ್ಯಾಡ್ರಿ, ಗುಳ್ಳಿ ಬರಾಕತ್ತಾವೇನ ನೋಡಿ ನಮಗ ಫೋನ್ ಹಚ್ರಿ. ಸತ್ತ ಮೀನ ಕಂಡ್ರ ಜಾಳಗಿಲೆ ತಗದ ಹೊರಗ ಹಾಕ್ರಿ."

ಈ ಚೀಟಿಯಲ್ಲಿ ಎಲ್ಲಕ್ಕಿಂತ ಮುಖ್ಯ ಬಾಯಿ ಬಡಿಯುವ ಮಾತು. ಆಮ್ಲಜನಕ ಸಾಲದೆ ಮೇಲೆ ಬಂದು ಬಾಯಿ ತೆರೆಯುವ ಮೀನನ್ನು ನೋಡಿ ಹಸಿದಿದೆ ಎಂದುಕೊಂಡು ಇನ್ನಷ್ಟು ಕಾಳು ಹಾಕುತ್ತಾರೆ, ಆ ಕಾಳು ಕೊಳೆತು ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ, ಮರುದಿನ ಬೆಳಿಗ್ಗೆಗೆ ತೊಟ್ಟಿ ಖಾಲಿ. ಫೋನ್ ಬಂದಾಗ ನೀವು ಹೇಳಬೇಕಾದದ್ದು: ಪಂಪಿನ ಸ್ವಿಚ್ ನೋಡಿ, ಕರೆಂಟ್ ಇಲ್ಲದಿದ್ದರೆ ತಂಬಿಗೆಯಿಂದ ತೊಟ್ಟಿಯ ನೀರನ್ನೇ ಎತ್ತಿ ಒಂದು ಅಡಿ ಮೇಲಿನಿಂದ ಹತ್ತು ನಿಮಿಷ ಸುರಿಯಿರಿ. ಅದಕ್ಕೆಂದು ಒಂದು ತಂಬಿಗೆ, ಜಾಳಿಗೆ, ಮತ್ತು ನಿಲ್ಲಿಸಿದ ನೀರಿನ ಎರಡು ಬಕೆಟ್ ಪಕ್ಕದಲ್ಲಿಟ್ಟು ಹೋಗಿ. ನಳದ ನೀರು ವಾರಕ್ಕೊಮ್ಮೆ ಬರುವ ಓಣಿಯಲ್ಲಿ ಈ ಬಕೆಟ್ ನೀರು ಅಮೂಲ್ಯ.

ಸ್ವಯಂಚಾಲಿತ ಫೀಡರ್

ಹೆಚ್ಚಾಗಿ ಸಿಗುವುದು ಪೆನ್ಸಿಲ್ ಸೆಲ್ಲಿನಿಂದ ತಿರುಗುವ ಸಣ್ಣ ಡ್ರಮ್ಮಿನ ಫೀಡರ್. ಗೊತ್ತು ಮಾಡಿದ ಹೊತ್ತಿಗೆ ಡ್ರಮ್ ಒಂದು ಸುತ್ತು ಹೊಡೆದು ಸಂದಿಯಿಂದ ಕಾಳು ಉದುರಿಸುತ್ತದೆ. ಸೆಲ್ಲಿನದಾದ್ದರಿಂದ ಕರೆಂಟ್ ಹೋದರೂ ನಡೆಯುತ್ತದೆ. ಮೊಬೈಲಿನಿಂದ ನಡೆಸುವ ವೈಫೈ ಫೀಡರ್ ಕರೆಂಟನ್ನೂ ಇಂಟರ್ನೆಟ್ಟನ್ನೂ ನೆಚ್ಚಿಕೊಂಡಿರುತ್ತದೆ, ನಮ್ಮ ಕಡೆಗೆ ಸಾದಾ ಡ್ರಮ್ಮೇ ವಾಸಿ.

ಕೊಂಡ ದಿನವೇ ತೊಟ್ಟಿಗೆ ಕೂರಿಸಬೇಡಿ. ಬಿಳಿ ಕಾಗದದ ಮೇಲೆ ಹಿಡಿದು ಐದು ಸಲ ತಿರುಗಿಸಿ, ಪ್ರತಿ ಸಲ ಬಿದ್ದ ಕಾಳನ್ನು ಎಣಿಸಿ. ಸಂದಿಯ ಜಾರುಬಾಗಿಲನ್ನು ಕೂದಲೆಳೆಯಷ್ಟು ಸರಿಸುತ್ತ ಅಳತೆಗೆ ತನ್ನಿ. ಡ್ರಮ್ ತುಂಬಿದ್ದಾಗ ಬೀಳುವುದು ಬೇರೆ, ಕಾಲು ಭಾಗ ಇದ್ದಾಗ ಬೀಳುವುದು ಬೇರೆ. ಎರಡೂ ಸ್ಥಿತಿಯಲ್ಲಿ ಎಣಿಸಿ, ಹೆಚ್ಚು ಬೀಳುವ ಲೆಕ್ಕವನ್ನೇ ಹಿಡಿಯಿರಿ. ಡ್ರಮ್ಮಿಗೆ ಪ್ರವಾಸಕ್ಕೆ ಬೇಕಾದಷ್ಟೇ ಕಾಳು ತುಂಬಿ. ಯಂತ್ರ ಕೆಟ್ಟು ಎಲ್ಲ ಒಮ್ಮೆಲೇ ಸುರಿದರೂ ಹಾನಿಗೆ ಮಿತಿ ಇರಲಿ.

ಗುಂಡು ಕಾಳು ಮಾತ್ರ ಬಳಸಿ. ತೆಳು ಚಕ್ಕೆಯಂಥ ಫ್ಲೇಕ್ಸ್ ತೇವ ಹೀರಿ ಒಂದಕ್ಕೊಂದು ಅಂಟುತ್ತದೆ, ಸಂದಿ ಕಟ್ಟುತ್ತದೆ. ಕಾಳನ್ನೂ ಮೊದಲು ಚಹಾ ಜರಡಿಯಲ್ಲಿ ಸೋಸಿ ಪುಡಿ ತೆಗೆಯಿರಿ. ತೇವವೇ ಈ ಯಂತ್ರದ ಶತ್ರು, ಆದ್ದರಿಂದ ಏರ್ ಸ್ಟೋನಿನ ಗುಳ್ಳೆ ಒಡೆಯುವ ಜಾಗದಿಂದ ದೂರದ ಮೂಲೆಯಲ್ಲಿ, ನೀರಿನಿಂದ ಎರಡು ಮೂರು ಇಂಚು ಎತ್ತರಕ್ಕೆ ಕೂರಿಸಿ. ಇರುವೆ ಹತ್ತದಂತೆ ಅದರ ಕಾಲಿನ ಸುತ್ತ ವ್ಯಾಸಲೀನ್ ಬಳಿಯಿರಿ. ಹೊತ್ತು ಬೆಳಿಗ್ಗೆ ಹತ್ತಕ್ಕೆ ಇಡಿ, ಬೆಳಕಿರುವಾಗ ಮೀನು ಪೂರ್ತಿ ತಿನ್ನುತ್ತದೆ. ಹೊಸ ಸೆಲ್ ಹಾಕಿ, ನೀವು ಮನೆಯಲ್ಲಿರುವಾಗಲೇ ಒಂದು ವಾರ ಓಡಿಸಿ ನೋಡಿ.

ನೀರಿಗೆ ಹಾಕಿದರೆ ವಾರವಿಡೀ ನಿಧಾನ ಕರಗುತ್ತದೆ ಎಂದು ಮಾರುವ ಬಿಳಿ ಹಾಲಿಡೇ ಬ್ಲಾಕ್ ಬೇಡ. ಅದರ ಬಹುಭಾಗ ಪ್ಲಾಸ್ಟರ್ ಆಫ್ ಪ್ಯಾರಿಸ್. ಎಷ್ಟೋ ಮೀನು ಅದನ್ನು ಮುಟ್ಟುವುದೇ ಇಲ್ಲ, ಒಳಗಿನ ಕಾಳು ತಳಕ್ಕೆ ಬಿದ್ದು ಕೊಳೆಯುತ್ತದೆ, ಮೊದಲೇ ಗಡಸಾದ ನೀರು ಇನ್ನಷ್ಟು ಗಡಸಾಗುತ್ತದೆ. ಸಕ್ಕರ್ ಮೀನಿಗೆಂದು ಸವತಿಕಾಯಿ ಹೋಳು ಬಿಟ್ಟು ಹೋಗುವುದೂ ಹಾಗೇ, ಒಂದೇ ದಿನದಲ್ಲಿ ಲೋಳೆಯಾಗುತ್ತದೆ.

ಮರಿಗಳಿದ್ದರೆ

ದಿನಕ್ಕೆ ಎರಡು ಮೂರು ಸಲ ತಿನ್ನುವ ಮರಿಗಳಿಗೆ ಯಾವ ಯಂತ್ರವೂ ಸರಿಹೋಗದು. ಬ್ರೀಡಿಂಗ್ ಡಬ್ಬಿಯಲ್ಲಿ (ಮರಿಗಳನ್ನು ಬೇರೆಯಿಡಲು ತೊಟ್ಟಿಯೊಳಗೆ ಹಾಕುವ ಸಣ್ಣ ಡಬ್ಬಿ) ಇಟ್ಟು ಹೋಗುವುದಂತೂ ಕೊಂದ ಹಾಗೆ. ಮೀನು ಸಾಕುವ ಗೆಳೆಯರಿದ್ದರೆ ಅವರ ತೊಟ್ಟಿಗೆ ಕೊಡಿ. ಇಲ್ಲದಿದ್ದರೆ ಅಂಗಳದ ನೆರಳಿನಲ್ಲಿ ಹಸಿರು ಕಟ್ಟಿದ ಹಳೆಯ ನೀರಿನ ಟಬ್, ತುಂಬ ಜಲಸಸ್ಯ, ಮೇಲೊಂದು ಜಾಲರಿ. ಅಲ್ಲಿನ ಸೂಕ್ಷ್ಮಜೀವಿಗಳನ್ನು ತಿಂದು ಗಪ್ಪಿ ಮರಿ ವಾರ ಕಳೆಯುತ್ತವೆ. ಟಬ್ ಒಂದು ತಿಂಗಳಾದರೂ ಹಳೆಯದಿರಬೇಕು.

ಮರಳಿ ಬಂದ ಮೇಲೆ

ಚೀಲ ಇಳಿಸಿ ಮೊದಲು ಮೀನು ಎಣಿಸಿ, ಮೂಸಿ ನೋಡಿ. ನೀರು ತಿಳಿಯಾಗಿದ್ದು ವಾಸನೆ ಇಲ್ಲದಿದ್ದರೆ ಎಂದಿನ ಕಾಲು ಭಾಗ ಕಾಳು ಹಾಕಿ, ಮೂರು ದಿನದಲ್ಲಿ ಪೂರ್ತಿ ಅಳತೆಗೆ ಬನ್ನಿ. ಇಳಿದ ಮಟ್ಟವನ್ನು ತಣ್ಣನೆಯ ನಳದ ನೀರಿನಿಂದ ಒಮ್ಮೆಲೇ ತುಂಬಬೇಡಿ. ನಿಲ್ಲಿಸಿದ ನೀರನ್ನು ಅರ್ಧ ಈ ಹೊತ್ತು, ಅರ್ಧ ನಾಳೆ ಹಾಕಿ.

ನೀರು ಹಾಲಿನಂತೆ ಬೆಳ್ಳಗಾಗಿ, ನಾರುತ್ತಿದ್ದು, ಮೀನು ಮೇಲೆ ಬಾಯಿ ಬಡಿಯುತ್ತಿದ್ದರೆ ಹೆಚ್ಚು ಆಹಾರ ಬಿದ್ದಿದೆ ಎಂದರ್ಥ. ಏರ್ ಪಂಪ್ ಪೂರ್ತಿ ಹೆಚ್ಚಿಸಿ. ತಳದ ಕಾಳನ್ನು ಪೈಪಿನಿಂದ ಹೀರಿ ತೆಗೆಯುತ್ತಲೇ ಅರ್ಧ ನೀರು ಬದಲಿಸಿ. ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿರಬೇಕು, ಬಿಸಿ ಎರಡರದ್ದೂ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡು ದಿನ ಏನೂ ತಿನ್ನಿಸಬೇಡಿ. ಮೂರನೆಯ ದಿನದವರೆಗೆ ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತಿರಿ. ಸ್ಪಂಜನ್ನು ಆ ದಿನಗಳಲ್ಲಿ ಮುಟ್ಟಬೇಡಿ, ಎಷ್ಟೇ ಕೊಳಕಾಗಿ ಕಂಡರೂ.